ಎಲೆಯಲ್ಲಿ ಉಳಿದ ಅನ್ನ

ಅನ್ನವನ್ನು ನಿಂದಿಸಬಾರದೆಂಬುದು ತೈತ್ತಿರೀಯೋಪನಿಷತ್ತು ವಿಧಿಸುವ ವ್ರತ. ಎಲೆಯಲ್ಲಿ ಅಗುಳು ಉಳಿಸಬಾರದೆಂದು ಹಿರಿಯರು ಕಲಿಸಿದುದರ ಹಿಂದೆಯೂ ಇದೇ ಭಾವವಿದೆ. ಆದರೆ ಉಣ್ಣಲಾರದೆ ಉಳಿಸುವುದೂ ನಿಂದೆಯೇ? ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟವನು ದೇಹೂ ರೋಡಿನ ಒಬ್ಬ ಬಾಲಕ.

ಸೈನ್ಯದ ಡಿಪೋ, ಆರ್ಡ್‌ನನ್ಸ್ ಕಾರ್ಖಾನೆಗಳಿರುವ ಆ ಊರಿನ ಕನ್ನಡ ಮನೆಯೊಂದರಲ್ಲಿ ರಾಯರ ಆರಾಧನೆಯ ಸಂತರ್ಪಣೆ ನಡೆದಿತ್ತು. ಹತ್ತು ವರ್ಷದ ಆ ಬಾಲಕನೂ ಪಂಕ್ತಿಯಲ್ಲಿ ಕುಳಿತಿದ್ದನು. ಒಗ್ಗರಣೆಯಿಲ್ಲದ ಮೊಸರನ್ನವೊಂದನ್ನೇ, ಅದೂ ತನ್ನ ತಟ್ಟೆಯಲ್ಲಿಯೇ, ಉಣ್ಣುವವನು. ಹುಳಿಯ ರಸ ಹರಿದು ಅನ್ನವನ್ನು ಮುಟ್ಟಿದೊಡನೆ ಕಿವಿ ಮುಚ್ಚಿಕೊಂಡು ನಡುಗಿದನು. ಬಡಿಸುತ್ತಿದ್ದ ನಾವು, ‘ಪ್ರಸಾದವಪ್ಪಾ, ಒಂದು ತುತ್ತಾದರೂ ತಿನ್ನು’ ಎಂದು ಒತ್ತಾಯಿಸಿದೆವು. ತಿಂದನು, ಒಡನೆಯೇ ವಾಂತಿಯಾಯಿತು. ತಾಯಿ ತಲೆತಗ್ಗಿಸಿ ನೆಲ ಒರೆಸಿದರು. ‘ಮುದ್ದು ಹೆಚ್ಚಾಯಿತು’ ಎಂದು ಯಾರೋ ಅಂದುದು ಅವರಿಗೆ ಕೇಳಿಸದಿರಲಿಲ್ಲ.

ಅವನಿಗೆ ಆಟಿಸಂ, ಎಂದರೆ ಸ್ವಲೀನತೆ, ಇರುವುದು ನಮಗೆ ಆಮೇಲೆ ತಿಳಿಯಿತು. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳನ್ನು ಕುರಿತು ಬರೆದ ಪ್ರಸಿದ್ಧ ಲೇಖನದಲ್ಲಿಯೇ, ಅವರಲ್ಲಿ ಹಲವರಿಗೆ ಶೈಶವದಲ್ಲಿ ಉಣಿಸುವುದು ಕಷ್ಟವಾಗಿತ್ತೆಂದಿದೆ. ಇಂದ್ರಿಯಗಳ ಅತಿತೀವ್ರತೆಯನ್ನು 2013ರ ಅಮೆರಿಕದ ಮನೋವೈದ್ಯ ಕೈಪಿಡಿಯು ಸ್ವಲೀನತೆಯ ಲಕ್ಷಣಗಳಲ್ಲಿ ಸೇರಿಸಿತು. ನಮಗೆ ಮೃದುವಾಗಿ ತೋರುವ ಹುಳಿಯ ಹೋಳು ಅಂಥವರಿಗೆ ಕೊಳೆತ ವಸ್ತುವನ್ನು ಬಾಯಲ್ಲಿಟ್ಟಂತೆ ಆಗಬಹುದು. ನಿನ್ನೆಯಂತೆಯೇ ಇಂದೂ ಇರುವ ಮೊಸರನ್ನವಾದರೋ ಮೋಸಗೊಳಿಸದು. ಇನ್ನು ಕೆಲವರಿಗೆ ಹಸಿವು ಬಾಯಾರಿಕೆಗಳ ಅರಿವೇ ತಡವಾಗಿ ಉಂಟಾಗುತ್ತದೆ. ನಿರ್ಜಲ ಏಕಾದಶಿಯಂದು ‘ನನಗೇನೂ ಆಗಿಲ್ಲ’ ಎನ್ನುವವನನ್ನು ದೃಢವ್ರತನೆಂದು ಹೊಗಳುವ ಮೊದಲು ಅವನ ಒಣಗಿದ ತುಟಿಯನ್ನು ನೋಡುವುದು ಒಳಿತು.

ಹಟವೂ ಇರುವುದಿಲ್ಲವೇ ಎಂದರೆ, ಇರುತ್ತದೆ, ಎಲ್ಲ ಮಕ್ಕಳಲ್ಲಿಯೂ. ಆದರೆ ಹಟಮಾರಿ ಹಸಿದಾಗ ಉಣ್ಣುತ್ತಾನೆ. ಇವರಲ್ಲಿ ಕೆಲವರು ಹಸಿದರೂ ಉಣ್ಣಲಾರರು. ನಿಂದೆಗೆ ನಿಂದಿಸುವ ಬುದ್ಧಿ ಬೇಕಷ್ಟೆ. ಗಂಟಲೇ ತಡೆದಲ್ಲಿ ಆ ಬುದ್ಧಿ ಎಲ್ಲಿಯದು? ಜೀವಜೀವರಲ್ಲಿ ಭೇದವನ್ನೂ, ಒಬ್ಬೊಬ್ಬನಿಗೂ ತನ್ನದೇ ಆದ ಸ್ವಭಾವವನ್ನೂ ಒಪ್ಪುವ ಸಿದ್ಧಾಂತದವರಾದ ನಾವು ಎಲ್ಲ ನಾಲಗೆಗಳೂ ಒಂದೇ ಎಂದು ಹೇಗೆ ತಿಳಿದೆವೋ! ಅಂದು ನೆಲದ ಪಾಲಾದ ಅನ್ನಕ್ಕೆ ಹೊಣೆ ಬಡಿಸಿದ ಕೈಯದು.

ಮರುವರ್ಷ ಅದೇ ಮನೆಯಲ್ಲಿ, ನೈವೇದ್ಯವಾದ ಅನ್ನಕ್ಕೆ ಮೊಸರನ್ನಷ್ಟೇ ಕಲಸಿ, ಅವನ ತಟ್ಟೆಯನ್ನು ಸದ್ದಿಲ್ಲದ ಒಳಕೋಣೆಯಲ್ಲಿ ಇಟ್ಟರು. ಹುಳಿಯ ಪಾತ್ರೆ ಹಿಡಿದು ನಾವು ಅತ್ತ ಹೋಗಲಿಲ್ಲ. ತಾಯಿಯೂ ಅಂದು ಎಲೆಯ ಮುಂದೆ ಕುಳಿತು ಉಂಡರು.