ಇಂದಿನ ಚಿಂತನೆ: ಹೇಳದೆ ಸಹಿಸಿದ್ದು ಸಹನೆಯೇ?



ಬೆಟಗೇರಿಯ ಮನೆಯಲ್ಲಿ ಹಾಸಿಗೆ ಮೇಲಿಂದಲೇ ಇದನ್ನು ಬರೆಯುತ್ತಿದ್ದೇನೆ. ನನಗೆ ಗರ್ಭಚೀಲ ಜಾರಿ ಕೆಳಗಿಳಿದಿತ್ತು. ಅದನ್ನು ತೆಗೆದು, ಸಡಿಲವಾದ ಭಾಗ ಬಿಗಿದು ಹೊಲಿಗೆ ಹಾಕಿದ್ದಾರೆ. ಇಂದಿಗೆ ಹದಿನೆಂಟು ದಿನ. (ಗುಂಪಿನಲ್ಲಿ ಗಂಡಸರೂ ಇದ್ದೀರಿ, ಗೊತ್ತು. ಆದರೂ ಬರೆಯುತ್ತೇನೆ.) ಆರು ವಾರ ಕೊಡ ಎತ್ತಬಾರದು, ಮಲಬದ್ಧತೆ ಆಗದಂತೆ ನೋಡಿಕೊಳ್ಳಬೇಕು, ನಿಧಾನಕ್ಕೆ ಅಡ್ಡಾಡಬೇಕು. ಹಮ್ಮಿಗಿಯಿಂದ ತುಂಗಭದ್ರೆ ನೀರು ಬಿಟ್ಟ ದಿನ ಓಣಿಯೆಲ್ಲ ಕೊಡ ಹಿಡಿದು ಓಡುವಾಗ ಸುಮ್ಮನೆ ಮಲಗಿರುವುದು ಹೊಲಿಗೆಯ ನೋವಿಗಿಂತ ಕಷ್ಟ.

ನನ್ನನ್ನು ಕಾಡುತ್ತಿರುವುದು ಮಾತ್ರ ಬೇರೆ. ಈ ತೊಂದರೆಯನ್ನು ಒಂಬತ್ತು ವರ್ಷ ಮುಚ್ಚಿಟ್ಟೆ. ಹೋದ ವರ್ಷ ನಮ್ಮ ಬಳಗ ಡಂಬಳಕ್ಕೆ ಹೋಗಿತ್ತಲ್ಲ, 1095ರ ಶಾಸನದಲ್ಲಿ ಬುದ್ಧವಿಹಾರ, ತಾರಾದೇವಿ ವಿಹಾರಗಳ ಉಲ್ಲೇಖವಿರುವ ಊರು. ನೀವೆಲ್ಲ ಇಳಿದು ನಡೆದಿರಿ. ನಾನು ಮೊಣಕಾಲು ನೋವು ಎಂದು ಗಾಡಿಯಲ್ಲೇ ಕೂತೆ. ಮೊಣಕಾಲಿಗೆ ಏನೂ ಆಗಿರಲಿಲ್ಲ. ದಿನಾ ಪಂಚಶೀಲ ಹೇಳುವವಳಿಗೆ ಅದು ಸುಳ್ಳು ಅನ್ನಿಸಲಿಲ್ಲ, ಖಂತಿ ಅನ್ನಿಸಿತು. ಸಹಿಸುತ್ತಿದ್ದೇನೆ, ಯಾರಿಗೂ ಭಾರವಾಗಿಲ್ಲ ಎಂಬ ಹೆಮ್ಮೆ ಬೇರೆ.

ವಿನಯಪಿಟಕದ ಮಹಾವಗ್ಗದಲ್ಲಿ, ಹೊಟ್ಟೆ ಕೆಟ್ಟು ತನ್ನ ಹೊಲಸಿನಲ್ಲೇ ಬಿದ್ದಿದ್ದ ಭಿಕ್ಷುವಿಗೆ ಬುದ್ಧರು ನೀರು ಹಾಕಿ, ಆನಂದರು ಮೈ ತೊಳೆದ ಪ್ರಸಂಗ ನಮಗೆಲ್ಲ ಗೊತ್ತು. ಅದರ ಮುಂದಿನ ಮಾತನ್ನು ನಾನು ಗಮನಿಸಿರಲಿಲ್ಲ. ಎಂಥ ರೋಗಿಯ ಆರೈಕೆ ಕಷ್ಟ, ಎಂಥವರದು ಸುಲಭ ಎಂದು ಅಲ್ಲಿ ಐದೈದು ಗುಣ ಹೇಳಿದೆ. ನೋವು ಸಹಿಸುವುದು ಅದರಲ್ಲಿ ಒಂದು. ಆರೈಕೆ ಮಾಡುವವರಿಗೆ ರೋಗವನ್ನು ಇದ್ದದ್ದು ಇದ್ದ ಹಾಗೆ ಹೇಳುವುದು ಇನ್ನೊಂದು. ಎರಡೂ ಒಂದೇ ಪಟ್ಟಿಯಲ್ಲಿವೆ! ನಾನು ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟಿದ್ದೆ. ನಾಚಿಕೆಗೆ ಸಹನೆ ಎಂದು ಹೆಸರಿಟ್ಟಿದ್ದೆ.

ಮೊನ್ನೆ ಸೊಸೆ ಬಿಸಿನೀರು ತಂದಿಟ್ಟು, "ಅತ್ತೀ, ಏನಾಗಿತ್ರಿ? ಖರೇ ಹೇಳ್ರಿ" ಅಂದಳು. ಸಂಜೆಯಾದರೆ ಕೆಳಗೆ ಗಡ್ಡೆ ಇಳಿದಂತಾಗುತ್ತಿದ್ದುದು, ಮೂತ್ರ ತಡೆಯಲಾಗದೆ ಮದುವೆ-ಮುಂಜಿ ತಪ್ಪಿಸಿದ್ದು, ಎಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎರಡನೇ ಹೆರಿಗೆಯಾಗಿ ಎರಡು ವರ್ಷ ಅವಳಿಗೆ.

"ಕೆಮ್ಮಿದ್ರ ನನಗೂ ಒಂದೀಟು ಜಿನುಗತೈತ್ರಿ ಅತ್ತಿ. ಎಲ್ಲಾರಿಗೂ ಹಂಗ ಇರ್ತೈತೇನೋ ಅಂತ ಸುಮ್ನಿದ್ದೆ."

(ಇದನ್ನು ಬರೆಯಲು ಅವಳ ಒಪ್ಪಿಗೆ ಇದೆ.)

ಸೋಮವಾರ ನನ್ನ ತಪಾಸಣೆ. ಎರಡು ಚೀಟಿ ಮಾಡಿಸು ಎಂದು ಮಗನಿಗೆ ಹೇಳಿದೆ. ಯಾಕೆ ಎಂದು ಕೇಳಿದ. ಸೊಸೆಯೇ ಹೇಳಿದಳು.

ಭವತು ಸಬ್ಬ ಮಂಗಲಂ.