ಒಂದು ವಾರದ ಸಮಾನತೆ

ಹಬ್ಬದ ದಿನ ಆಳನ್ನು ತನ್ನ ಪಂಕ್ತಿಯಲ್ಲೇ ಕೂರಿಸಿಕೊಂಡು ಉಣಬಡಿಸುವ ಒಡೆಯ ಒಳ್ಳೆಯವನೇ? ತಟ್ಟನೆ ಹೌದು ಎಂದುಬಿಡುತ್ತೇವೆ. ಮರುದಿನ ಅದೇ ಆಳನ್ನು ಹೊಡೆಯುವ, ಮಾರುವ ಹಕ್ಕನ್ನೂ ಆತ ತನ್ನಲ್ಲೇ ಇಟ್ಟುಕೊಂಡಿದ್ದರೆ? ಪ್ರಾಚೀನ ರೋಮಿನ ಸ್ಯಾಟರ್ನೇಲಿಯಾ ಹಬ್ಬದ ಬಗ್ಗೆ ಓದುವಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ.

ಡಿಸೆಂಬರ್ 17ರಂದು ಆರಂಭವಾಗುತ್ತಿದ್ದ ಈ ಹಬ್ಬ ಮೊದಲು ಒಂದೇ ದಿನದ್ದು. ಬರಬರುತ್ತಾ ಏಳು ದಿನಗಳವರೆಗೂ ಹಿಗ್ಗಿತು. ಸ್ಯಾಟರ್ನ್ ದೇವತೆಯ ವಿಗ್ರಹದ ಕಾಲಿಗೆ ವರ್ಷವಿಡೀ ಕಟ್ಟಿರುತ್ತಿದ್ದ ಉಣ್ಣೆಯ ಬಂಧನವನ್ನು ಅಂದು ಬಿಚ್ಚುತ್ತಿದ್ದರು. ನ್ಯಾಯಾಲಯಗಳಿಗೆ ರಜೆ. ನಿಷೇಧವಿದ್ದ ಪಗಡೆಯ ಜೂಜಿಗೂ ಆಗ ಅಡ್ಡಿಯಿಲ್ಲ. ಮೇಣದ ಬತ್ತಿ, ಮಣ್ಣಿನ ಗೊಂಬೆಗಳ ಉಡುಗೊರೆ. ಗಣ್ಯರು ಟೋಗಾ ಕಳಚಿಟ್ಟು, ಬಿಡುಗಡೆ ಹೊಂದಿದ ಗುಲಾಮರ ಗುರುತಾಗಿದ್ದ ಟೊಪ್ಪಿಯನ್ನು ಧರಿಸುತ್ತಿದ್ದರು. ಗುಲಾಮರು ಒಡೆಯರ ಜೊತೆ, ಕೆಲವು ಮನೆಗಳಲ್ಲಿ ಒಡೆಯರಿಗಿಂತ ಮೊದಲೇ, ಊಟಕ್ಕೆ ಕೂರುತ್ತಿದ್ದರು.

ಇದಕ್ಕೆ ಅವರು ಕೊಡುತ್ತಿದ್ದ ಕಾರಣ ಗಮನಾರ್ಹ. ಸ್ಯಾಟರ್ನ್ ಆಳುತ್ತಿದ್ದ ಸುವರ್ಣ ಯುಗದಲ್ಲಿ ಗುಲಾಮರೇ ಇರಲಿಲ್ಲವಂತೆ. ಅಂದರೆ ದಾಸ್ಯವು ಸೃಷ್ಟಿಯ ನಿಯಮವಲ್ಲ, ಮನುಷ್ಯನೇ ಮಾಡಿಕೊಂಡದ್ದು ಎಂಬ ಅರಿವು ಅವರಿಗಿತ್ತು. ರೋಮಿನ ನ್ಯಾಯಶಾಸ್ತ್ರಜ್ಞ ಫ್ಲೊರೆಂಟೈನಸ್ ಕೂಡ ಗುಲಾಮಗಿರಿಯನ್ನು ಪ್ರಕೃತಿಗೆ ವಿರುದ್ಧವಾದ ವ್ಯವಸ್ಥೆ ಎಂದೇ ವ್ಯಾಖ್ಯಾನಿಸಿದ್ದಾನೆ. ಅರಿಯದೆ ಮಾಡುವ ಅನ್ಯಾಯಕ್ಕೆ ಒಂದು ನೆಪವಾದರೂ ಇದೆ. ಅರಿತು, ವರ್ಷಕ್ಕೊಮ್ಮೆ ಒಪ್ಪಿಕೊಂಡು, ಉಳಿದ ದಿನ ಮುಂದುವರಿಸುವುದಕ್ಕೆ ಏನೆನ್ನೋಣ?

ಬೇಸಾಯದ ಬಗ್ಗೆ ಪುಸ್ತಕ ಬರೆದ ಕೇಟೋ, ಸ್ಯಾಟರ್ನೇಲಿಯಾದಂದು ತೋಟದ ಗುಲಾಮರಿಗೆ ಹೆಚ್ಚು ದ್ರಾಕ್ಷಾರಸ ಕೊಡಬೇಕೆನ್ನುತ್ತಾನೆ. ಮುದಿ ಗುಲಾಮರನ್ನು, ರೋಗಿಷ್ಟ ಗುಲಾಮರನ್ನು ಮಾರಿಬಿಡಬೇಕೆಂಬ ಸಲಹೆಯೂ ಅದೇ ಪುಸ್ತಕದಲ್ಲಿದೆ. ಎರಡೂ ಅವನಿಗೆ ತೋಟದ ಲೆಕ್ಕಾಚಾರವೇ. ಮಾರ್ಚ್ ತಿಂಗಳಲ್ಲಿ ಮನೆಯೊಡತಿಯರು ಗುಲಾಮರಿಗೆ ಊಟ ಬಡಿಸುವ ಇನ್ನೊಂದು ಪದ್ಧತಿಯಿತ್ತು. ಹಳೆಯ ಲೆಕ್ಕದಲ್ಲಿ ವರ್ಷಾರಂಭದ ಆ ಊಟ ವಿಧೇಯತೆಗೆ ಪ್ರೋತ್ಸಾಹ, ಡಿಸೆಂಬರಿನದು ಮುಗಿದ ದುಡಿಮೆಗೆ ಕೃತಜ್ಞತೆ ಎಂದು ಮ್ಯಾಕ್ರೋಬಿಯಸ್ ಬರೆಯುತ್ತಾನೆ. ಮುಚ್ಚುಮರೆಯಿಲ್ಲದ ಮಾತು!

ಕವಿ ಹೊರೇಸ್‌ನ ಒಂದು ವಿಡಂಬನೆ ಈ ಹಬ್ಬದ ಒಳಗುಟ್ಟನ್ನು ಬಯಲು ಮಾಡುತ್ತದೆ. ಡಿಸೆಂಬರಿನ ಸ್ವಾತಂತ್ರ್ಯ ಬಳಸಿಕೊಂಡು ಅವನ ಗುಲಾಮ ದಾವಸ್ ಒಡೆಯನಿಗೇ ಬುದ್ಧಿ ಹೇಳುತ್ತಾನೆ: ನೀನು ಆಸೆಗಳ ಗುಲಾಮ, ಶ್ರೀಮಂತರ ಊಟದ ಕರೆಗೆ ಕಾಯುವವನು, ನಿನಗಿಂತ ನಾನೇನು ಕಡಿಮೆ? ಹೊರೇಸ್‌ಗೆ ಉತ್ತರ ಸಿಗುವುದಿಲ್ಲ. ಕಲ್ಲೆಲ್ಲಿ, ಬಾಣವೆಲ್ಲಿ ಎಂದು ಕೂಗಾಡುತ್ತಾನೆ. ಸುಮ್ಮನಿರದಿದ್ದರೆ ಹಳ್ಳಿಯ ತೋಟಕ್ಕೆ ದುಡಿಯಲು ಅಟ್ಟುವೆನೆಂದು ಬೆದರಿಸುತ್ತಾನೆ. ಹಬ್ಬ ಇನ್ನೂ ಮುಗಿದಿರಲಿಲ್ಲ. ಹೊರೇಸ್‌ನ ತಂದೆ ಸ್ವತಃ ಗುಲಾಮನಾಗಿದ್ದು ಬಿಡುಗಡೆ ಪಡೆದವನೆಂಬುದು ನೆನಪಿರಲಿ. ತನ್ನನ್ನೇ ಗೇಲಿ ಮಾಡಿಕೊಳ್ಳುವ ಪ್ರಾಮಾಣಿಕತೆಯಾದರೂ ಕವಿಗಿತ್ತು.

ಸೆನೆಕಾನದು ಇನ್ನೂ ತೊಡಕಿನ ಪ್ರಕರಣ. ಕ್ರಿ.ಶ. 61ರಲ್ಲಿ ರೋಮಿನ ನಗರಾಧಿಕಾರಿ ಪೆಡಾನಿಯಸ್ ಸೆಕುಂಡಸ್‌ನನ್ನು ಅವನ ಗುಲಾಮನೊಬ್ಬ ಕೊಂದ. ಹಳೆಯ ಸಂಪ್ರದಾಯದಂತೆ ಆ ಮನೆಯ 400 ಗುಲಾಮರಿಗೂ ಮರಣದಂಡನೆಯಾಯಿತು. ನಗರದ ಸಾಮಾನ್ಯ ಜನ ಕಲ್ಲು, ಪಂಜು ಹಿಡಿದು ಪ್ರತಿಭಟಿಸಿದರು. ನೀರೋ ದಾರಿಯುದ್ದಕ್ಕೂ ಸೈನಿಕರನ್ನು ನಿಲ್ಲಿಸಿದ. ಆಗ ಅವನ ಸಲಹೆಗಾರನಾಗಿದ್ದ ಸೆನೆಕಾ ಏನಾದರೂ ಹೇಳಿದನೆಂದು ಟ್ಯಾಸಿಟಸ್‌ನ ಈ ವರದಿಯಲ್ಲಿ ಇಲ್ಲ. ಮುಂದೆ ಇದೇ ಸೆನೆಕಾ ಗುಲಾಮರೂ ಮನುಷ್ಯರು, ಅವರ ಜೊತೆ ಕೂತು ಊಟ ಮಾಡಬೇಕು ಎಂದು ಮನಮುಟ್ಟುವ ಪತ್ರ ಬರೆದ. ಹಬ್ಬಕ್ಕೆ ಸೀಮಿತವಾಗದ ಸೌಜನ್ಯವನ್ನು ಕೇಳಿದ್ದು ದೊಡ್ಡ ಮಾತೇ. ಆದರೆ ದಾಸ್ಯವನ್ನೇ ತೆಗೆದುಹಾಕಬೇಕೆಂದು ಅವನು ಕೇಳಲಿಲ್ಲ.

ಮುಸ್ಲಿಮ್ ಓದುಗರಿಗೆ ಇಲ್ಲಿ ಅಬೂದರ್ರ್(ರ) ನೆನಪಾಗದಿರರು. ರಬದಾ ಎಂಬಲ್ಲಿ ಅವರನ್ನು ಕಂಡವರಿಗೆ ಅಚ್ಚರಿ: ಅವರ ಮೈಮೇಲಿದ್ದಂಥದ್ದೇ ಉಡುಪು ಅವರ ಗುಲಾಮನ ಮೈಮೇಲೂ ಇತ್ತು. ನಿಮ್ಮ ಕೈಕೆಳಗಿನವರು ನಿಮ್ಮ ಸಹೋದರರು, ನೀವು ಉಣ್ಣುವುದನ್ನೇ ಉಣಿಸಿ, ಉಡುವುದನ್ನೇ ಉಡಿಸಿ ಎಂದು ಪ್ರವಾದಿ(ಸ) ತನಗೆ ಕಲಿಸಿದ್ದಾಗಿ ಅವರು ಹೇಳಿದರು. ಅದಕ್ಕೆ ತಾರೀಕು ಗೊತ್ತುಪಡಿಸಿರಲಿಲ್ಲ. ಹಾಗೆಂದು ರೋಮನರತ್ತ ಬೆರಳು ತೋರಿಸಿ ನಾವು ಎದ್ದು ಹೋಗುವಂತಿಲ್ಲ. ಗುಲಾಮರನ್ನು ಬಿಡುಗಡೆ ಮಾಡುವುದು ಪುಣ್ಯವೆಂದು ಕುರ್‌ಆನಿನಲ್ಲಿ ಓದುತ್ತಲೇ ಮುಸ್ಲಿಮ್ ನಾಡುಗಳು ಗುಲಾಮರ ಸಂತೆಯನ್ನು ಸಾವಿರ ವರ್ಷಕ್ಕೂ ಮಿಕ್ಕಿ ನಡೆಸಿದವು. ಸೌದಿ ಅರೇಬಿಯಾ ಗುಲಾಮಗಿರಿಯನ್ನು ರದ್ದುಪಡಿಸಿದ್ದು 1962ರಲ್ಲಿ, ಮಾರಿಟೇನಿಯಾ 1981ರಲ್ಲಿ.

ಒಂದು ವಾರ ಸುಖವಾಗಿ ಉಂಡವನ ಆ ಊಟವನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಹಸಿದವನಿಗೆ ಅದು ನಿಜವಾದ ಊಟವೇ. ಆದರೆ ಅದನ್ನು ಬಡಿಸಿದವನ ನಿದ್ದೆಗೂ ಅದು ನೆರವಾಗುತ್ತಿತ್ತು. ಗ್ರೀಕ್ ಲೇಖಕ ಲೂಸಿಯನ್ ಈ ಹಬ್ಬದ ಬಗ್ಗೆ ಬರೆದ ಕೃತಿಯಲ್ಲಿ ಬಡವರು ದೇವತೆಗೇ ಪತ್ರ ಬರೆದು, ಸಂಪತ್ತನ್ನು ಮತ್ತೆ ಹಂಚಿಕೊಡು ಎಂದು ಕೇಳುತ್ತಾರೆ. ತನ್ನ ಆಳ್ವಿಕೆ ಏಳೇ ದಿನ, ಆಸ್ತಿ ಹಂಚುವ ಅಧಿಕಾರ ತನ್ನದಲ್ಲ ಎಂದು ದೇವತೆ ಕೈ ಚೆಲ್ಲುತ್ತಾನೆ.