ಶಾಕಂಭರಿಯ ಸೇವೆ

ಜಗನ್ಮಾತೆಯನ್ನು ನಾವು ಸಿಂಹವಾಹಿನಿಯೆಂದು, ಮಹಿಷಮರ್ದಿನಿಯೆಂದು ಕೊಂಡಾಡುತ್ತೇವೆ. ನವರಾತ್ರಿಯ ಒಂಬತ್ತು ದಿನಗಳಲ್ಲಿ ನಮ್ಮ ಕಣ್ಣಮುಂದೆ ನಿಲ್ಲುವುದು ಆಯುಧಧಾರಿಣಿಯಾದ ಆಕೆಯ ರೂಪವೇ. ಆದರೆ ದೇವೀಮಾಹಾತ್ಮ್ಯದ ಹನ್ನೊಂದನೆಯ ಅಧ್ಯಾಯದಲ್ಲಿ ಆ ತಾಯಿ ತನ್ನ ಮುಂದಿನ ಅವತಾರಗಳನ್ನು ಹೇಳುವಾಗ, ಹಸಿವನ್ನು ನೀಗುವ ಒಂದು ಅವತಾರವನ್ನೂ ಹೇಳುತ್ತಾಳೆ. ನೂರು ವರ್ಷಗಳ ಅನಾವೃಷ್ಟಿಯಿಂದ ಲೋಕವು ಬಳಲುವಾಗ, ಮಳೆ ಬರುವ ತನಕ ತನ್ನ ದೇಹದಿಂದಲೇ ಹುಟ್ಟಿದ ಶಾಕಗಳಿಂದ ಸಕಲ ಜೀವಿಗಳನ್ನೂ ಸಲಹುವೆನೆಂದೂ, ಆಗ ತನಗೆ ಶಾಕಂಭರಿಯೆಂಬ ಹೆಸರು ಬರುವುದೆಂದೂ ಆಕೆ ಅಭಯವೀಯುತ್ತಾಳೆ. ದುಷ್ಟರನ್ನು ಕೊಲ್ಲುವುದು ದೇವಿಯ ಒಂದು ಕಾರ್ಯವಾದರೆ, ಎಲೆಯಾಗಿ, ಕಾಯಿಯಾಗಿ ನಮ್ಮ ಹಸಿವನ್ನು ನೀಗುವುದು ಇನ್ನೊಂದು ಕಾರ್ಯ. ಮೊದಲನೆಯದು ಎಂದೋ ಒಮ್ಮೆ ನಡೆಯುವುದು. ಎರಡನೆಯದು ದಿನದಿನವೂ ನಡೆಯುತ್ತಿರುವುದು.

ಕನ್ನಡಿಗರಿಗೆ ಈ ಶಾಕಂಭರಿ ಅಪರಿಚಿತಳಲ್ಲ. ಬಾದಾಮಿಯ ಸಮೀಪದ ಚೊಳಚಗುಡ್ಡದಲ್ಲಿ ನೆಲಸಿರುವ ಬನಶಂಕರಿಯೇ ಅವಳು. ಹೆಸರಿನಲ್ಲಿಯೇ ಬನವನ್ನು ಹೊತ್ತಿರುವ ಈ ತಾಯಿ ಕರ್ನಾಟಕ, ಮಹಾರಾಷ್ಟ್ರಗಳೆರಡರ ಅನೇಕ ಮನೆತನಗಳ ಕುಲದೇವತೆ. ಪುಷ್ಯಮಾಸದ ಜಾತ್ರೆಯ ಕಾಲದಲ್ಲಿ ಆಕೆಗೆ 108 ಬಗೆಯ ಪಲ್ಯಗಳನ್ನು ನಿವೇದಿಸುವ ಸಂಪ್ರದಾಯವಿದೆ. ಬಂಗಾಳದವರು ದುರ್ಗಾಪೂಜೆಯಲ್ಲಿ ಬಾಳೆ, ಅರಿಸಿನ, ಬಿಲ್ವ, ದಾಳಿಂಬೆ, ಅಶೋಕ, ಭತ್ತ ಮೊದಲಾದ ಒಂಬತ್ತು ಸಸ್ಯಗಳನ್ನು ಒಂದಾಗಿ ಕಟ್ಟಿ, ಸೀರೆಯುಡಿಸಿ, ನವಪತ್ರಿಕೆಯೆಂದು ದೇವಿಯ ಪಕ್ಕದಲ್ಲಿ ನಿಲ್ಲಿಸುತ್ತಾರೆ. ಭಾಷೆ ಬೇರೆ, ವಿಧಿ ಬೇರೆ, ಭಾವ ಒಂದೇ.

ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿಯೂ ನೆರೆಯ ಮರಾಠಿ ಬಾಂಧವರ ಮನೆಗಳಲ್ಲಿಯೂ ನವರಾತ್ರಿಯು ಘಟಸ್ಥಾಪನೆಯಿಂದ ಆರಂಭವಾಗುತ್ತದೆ. ಹಿಡಿ ಮಣ್ಣನ್ನು ಹರಡಿ, ಅದರಲ್ಲಿ ಧಾನ್ಯಗಳನ್ನು ಬಿತ್ತಿ, ನಡುವೆ ಕಲಶವನ್ನಿಟ್ಟು, ದಿನವೂ ನೀರು ಚಿಮುಕಿಸಿ, ದೀಪವನ್ನು ಆರದಂತೆ ಕಾಯುತ್ತೇವೆ. ಹತ್ತನೆಯ ದಿನಕ್ಕೆ ಗೇಣುದ್ದದ ಸಸಿಗಳೇಳುತ್ತವೆ. ಅವನ್ನೇ ಪ್ರಸಾದವೆಂದು ಟೊಪ್ಪಿಗೆಯಲ್ಲಿ, ಮುಡಿಯಲ್ಲಿ ಧರಿಸುತ್ತೇವೆ. ಬಂಧುಗಳೇ, ಸ್ವಲ್ಪ ಯೋಚಿಸಿರಿ. ಈ ಪೂಜೆಯ ಮೊದಲ ಕ್ರಿಯೆ ಕೊಯ್ಯುವುದಲ್ಲ, ಬಿತ್ತುವುದು. ಹೂ ಏರಿಸುವುದಕ್ಕಿಂತ ಮೊದಲು ನೀರೆರೆಯಬೇಕೆಂದು ನಮ್ಮ ಹಿರಿಯರು ವಿಧಿಸಿದರು. ನಾವು ಉಳಿಸಿಕೊಂಡಿರುವುದು ಏರಿಸುವುದನ್ನು; ಮರೆಯುತ್ತಿರುವುದು ಎರೆಯುವುದನ್ನು.

ಇದಕ್ಕೆ ವಿಜಯದಶಮಿಯ ದಿನವೇ ಸಾಕ್ಷಿ. ಅಂದು ನಾವು ಬನ್ನಿಯನ್ನು ಹಂಚಿಕೊಂಡು ಬಂಗಾರವಾಗಿ ಬಾಳೋಣವೆಂದು ಹಾರೈಸುತ್ತೇವೆ. ಈ ನಾಡಿನಲ್ಲಿ ಬನ್ನಿಯ ಸ್ಥಾನದಲ್ಲಿ ಎರಡು ಹೋಳಿನ ಆಪಟೆಯ ಎಲೆ ‘ಸೋನೆ’ಯೆನಿಸಿ ಕೈಯಿಂದ ಕೈಗೆ ಹೋಗುತ್ತದೆ. ಈ ಆಚರಣೆಯ ಹಿಂದಿರುವ ಕೌತ್ಸನ ಕಥೆಯನ್ನು ಎಲ್ಲರೂ ಬಲ್ಲಿರಿ. ಕಾಳಿದಾಸನ ರಘುವಂಶದ ಐದನೆಯ ಸರ್ಗದಲ್ಲಿ ಅದು ಬಹಳ ಸುಂದರವಾಗಿ ಬಂದಿದೆ. ಗುರುದಕ್ಷಿಣೆಗಾಗಿ ಹದಿನಾಲ್ಕು ಕೋಟಿಯನ್ನು ಬೇಡಲು ಕೌತ್ಸನು ರಘುಮಹಾರಾಜನ ಬಳಿಗೆ ಬಂದಾಗ, ವಿಶ್ವಜಿತ್ ಯಾಗದಲ್ಲಿ ಸರ್ವಸ್ವವನ್ನೂ ದಾನಮಾಡಿದ್ದ ಅರಸನು ಅತಿಥಿಗೆ ಅರ್ಘ್ಯವನ್ನು ಕೊಟ್ಟದ್ದು ಮಣ್ಣಿನ ಪಾತ್ರೆಯಲ್ಲಿ. ರಘುವಿಗೆ ಹೆದರಿ ಕುಬೇರನು ಹೊನ್ನಿನ ಮಳೆಗರೆದನು. ಆ ಮಳೆ ಶಮೀವೃಕ್ಷದ ಮೇಲೆ ಸುರಿಯಿತೆಂದು ಜನರ ನಂಬಿಕೆ.

ಆದರೆ ಕಥೆಯ ತಿರುಳಿರುವುದು ಹೊನ್ನಿನ ಮಳೆಯಲ್ಲಲ್ಲ, ಅದರ ಮುಂದಿನ ಭಾಗದಲ್ಲಿ. ಬಂದ ಹೊನ್ನೆಲ್ಲವೂ ನಿನ್ನದೇ ಎಂದು ಅರಸನು ಒತ್ತಾಯಿಸಿದರೂ, ಗುರುವಿಗೆ ಸಲ್ಲಬೇಕಾದುದಕ್ಕಿಂತ ಒಂದು ಕಾಸನ್ನೂ ಹೆಚ್ಚಿಗೆ ಮುಟ್ಟಲು ಕೌತ್ಸನು ಒಪ್ಪಲಿಲ್ಲ. ಕೊಡುವವನಿಗೆ ಮಿತಿಯಿಲ್ಲ, ತೆಗೆದುಕೊಳ್ಳುವವನಿಗೆ ಮಿತಿಯಿದೆ. ಬೇಕಾದಷ್ಟನ್ನೇ ತೆಗೆದುಕೊಂಡವನ ನೆನಪಿಗಾಗಿ ಇರುವ ಹಬ್ಬದಲ್ಲಿ ನಾವು ಮಾಡುತ್ತಿರುವುದೇನು? ದಸರೆಯ ಮುನ್ನಾದಿನ ಠಾಣೆ, ಕಲ್ಯಾಣ, ಡೊಂಬಿವಲಿಗಳ ನಿಲ್ದಾಣದ ಹೊರಗೆ ಎಲೆಯ ಕಂತೆಗಳು ರಾಶಿ ಬೀಳುತ್ತವೆ. ಎಲೆಯನ್ನು ಬಿಡಿಸಿ ತಂದುದಲ್ಲ. ಕೊಂಬೆಗಳನ್ನೇ ಕಡಿದು ತಂದುದು. ಮರುದಿನ ಬೆಳಿಗ್ಗೆ ಆ ‘ಬಂಗಾರ’ವು ಮೆಟ್ಟಿಲುಗಳ ಮೇಲೆ, ಕಸದ ತೊಟ್ಟಿಯ ಸುತ್ತ, ಪಾದಗಳ ಕೆಳಗೆ ಬಿದ್ದಿರುತ್ತದೆ. ಪಾಂಡವರ ಆಯುಧಗಳನ್ನು ಒಂದು ವರ್ಷಕಾಲ ಕಾಪಾಡಿ, ಒಂದು ಬಾಣವೂ ಕಡಮೆಯಾಗದಂತೆ ಅರ್ಜುನನಿಗೆ ಮರಳಿಸಿತು ಶಮೀವೃಕ್ಷ. ಮರವು ನಮ್ಮ ಆಯುಧವನ್ನು ಕಾಯಿತು. ನಾವು ಅದೇ ಆಯುಧವನ್ನು ಮರದ ಮೇಲೆತ್ತಿದೆವು. ಒಂದು ಮನೆಗೆ ಒಂದೇ ಎಲೆ ಸಾಕು. ಹಿರಿಯರ ಕೈಗೆ ಅದನ್ನಿತ್ತು, ಆಶೀರ್ವಾದ ಪಡೆದು, ದೇವರ ಮುಂದಿರಿಸಿದರೆ ಬನ್ನಿಯ ವಿಧಿ ಪೂರ್ಣವಾಗುತ್ತದೆ.

‘ನಮಗೆ ಅಂಗಳವೆಲ್ಲಿದೆ? ಇರುವುದು ಎರಡು ಕೋಣೆ, ಮುಂದೆ ಒಂದು ಗ್ರಿಲ್ಲು’ ಎಂದು ತಾಯಂದಿರು ಕೇಳಬಹುದು. ಊರಿನಲ್ಲಿ ತುಳಸೀಕಟ್ಟೆ, ಹಿತ್ತಿಲಿನಲ್ಲಿ ದಾಸವಾಳ, ಬಾವಿಯ ಬಳಿ ಒಂದೆಲಗವನ್ನು ಕಂಡವರಿಗೆ ಮೂರನೆಯ ಮಹಡಿಯ ಕುಂಡವು ಕಿರಿದೆನಿಸುವುದು ಸಹಜ. ಆದರೆ ಎಲೆ, ಹೂ, ಹಣ್ಣು, ನೀರು ಇವುಗಳಲ್ಲಿ ಯಾವುದನ್ನು ಭಕ್ತಿಯಿಂದಿತ್ತರೂ ಸ್ವೀಕರಿಸುವೆನೆಂದು ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಭಗವಂತನು ಹೇಳಿದಾಗ ತೋಟದ ವಿಸ್ತೀರ್ಣವನ್ನು ಕೇಳಲಿಲ್ಲ. ರಘುವಿನ ಅರ್ಘ್ಯಕ್ಕೆ ಮಣ್ಣಿನ ಪಾತ್ರೆ ಸಾಕಾಯಿತು. ನಮ್ಮ ಅರ್ಘ್ಯಕ್ಕೂ ಮಣ್ಣಿನ ಕುಂಡ ಸಾಕು. ಬಿಸಿಲು ಬರುವ ಕಡೆ ತುಳಸಿ, ದಾಸವಾಳ, ಮಲ್ಲಿಗೆ. ನೆರಳು ತೇವಗಳಿರುವ ಕಡೆ ಒಂದೆಲಗ, ಅಂದರೆ ತುಳುವರ ತಿಮರೆ. ಎಲ್ಲಿಟ್ಟರೂ ಹೆಚ್ಚು ಕಾಡದೆ ಬೆಳೆಯುವ ದೊಡ್ಡಪತ್ರೆ. ಪೂಜೆಗೆ ಎರಡು ಹೂ, ತಂಬುಳಿಗೆ ನಾಲ್ಕು ಎಲೆ. ಶಾಕಂಭರಿಯ ಮಂದಿರವಾಗಲು ಇಷ್ಟು ಸಾಲದೇ?

ಸೇವೆಯೆಂದ ಮೇಲೆ ನಿಯಮಗಳುಂಟು. ಮೊದಲನೆಯದು ಕೊಯ್ಯುವ ನಿಯಮ. ಹಂಪೆಯ ವಿರೂಪಾಕ್ಷನ ಭಕ್ತನಾದ ಹರಿಹರ ಕವಿಯು ಪುಷ್ಪರಗಳೆಯೆಂಬ ಒಂದು ರಗಳೆಯನ್ನೇ ಬರೆದು, ಶಿವಪೂಜೆಗೆ ಹೂವೆತ್ತುವ ಕ್ರಿಯೆಯನ್ನೇ ಪೂಜೆಯಾಗಿಸಿದನು. ಅಲ್ಲಿ ಭಕ್ತನು ಹೂಗಳನ್ನು ಮಕ್ಕಳಂತೆ ಮಾತನಾಡಿಸಿ, ನೋಯದಂತೆ ಬಿಡಿಸಿಕೊಳ್ಳುತ್ತಾನೆ. ದ್ವಾದಶಿಯಂದು ಮತ್ತು ಸಂಜೆಯ ನಂತರ ತುಳಸಿಯನ್ನು ಕೊಯ್ಯಬಾರದೆಂಬ ಸಂಪ್ರದಾಯದಲ್ಲಿಯೂ ಇದೇ ಕರುಣೆಯಿದೆ. ಗಿಡಕ್ಕೂ ವಿಶ್ರಾಂತಿ ಬೇಕು. ಇನ್ನು ತುಳಸಿಯ ತೆನೆಯನ್ನು ಆಗಾಗ ಚಿವುಟಿ ದೇವರಿಗೆ ಏರಿಸಿದರೆ ಗಿಡವು ಬೀಜಕ್ಕೆ ತನ್ನ ಶಕ್ತಿಯನ್ನು ವ್ಯಯಮಾಡದೆ ಹೊಸ ಚಿಗುರು ಬಿಡುತ್ತದೆ. ಒಂದೆರಡು ತೆನೆಗಳನ್ನು ಒಣಗಲು ಬಿಟ್ಟರೆ ಮುಂದಿನ ಸಸಿಗೆ ಬೀಜವೂ ಆಯಿತು.

ಎರಡನೆಯದು ನೆರೆಯವರ ನಿಯಮ. ನಮ್ಮ ಭಕ್ತಿಯ ನೀರು ಕೆಳಗಿನ ಮನೆಯವರ ಒಗೆದ ಬಟ್ಟೆಯ ಮೇಲೆ ತೊಟ್ಟಿಕ್ಕಬಾರದು. ಗ್ರಿಲ್ಲಿನ ಅಂಚಿನಲ್ಲಿಟ್ಟ ಕುಂಡವು ಗಾಳಿಗೆ ಉರುಳಿ ದಾರಿಹೋಕರ ಮೇಲೆ ಬಿದ್ದರೆ ಯಾವ ಪೂಜೆಯೂ ಆ ಪಾಪವನ್ನು ತೊಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಡಲತೀರದಲ್ಲಿ ಸುರಿಯುವ ಮಳೆಗೆ ಕುಂಡದ ತಳದ ರಂಧ್ರ ಮುಚ್ಚಿದ್ದರೆ ಬೇರು ಕೊಳೆಯುತ್ತದೆ. ಕೆಳಗಿನ ತಟ್ಟೆಯಲ್ಲಿ ನೀರು ನಿಂತರೆ ಡೆಂಗೀ ಹರಡುವ ಸೊಳ್ಳೆ ಅಲ್ಲಿಯೇ ಮೊಟ್ಟೆಯಿಟ್ಟು, ವಾರ ಹತ್ತು ದಿನಗಳಲ್ಲಿ ಮರಿಗಳು ರೆಕ್ಕೆ ಪಡೆಯುತ್ತವೆ. ವಾರಕ್ಕೊಮ್ಮೆಯಾದರೂ ಆ ತಟ್ಟೆಯನ್ನು ಬರಿದುಮಾಡಿ ತಿಕ್ಕುವುದು ಅಹಿಂಸೆಯ ಒಂದು ಅಂಗವೆಂದೇ ತಿಳಿಯಿರಿ. ನೀರಿಗೆ ಬರಗಾಲವಾದ ದಿನಗಳಲ್ಲಿ ಅಕ್ಕಿ ತೊಳೆದ ಅಕ್ಕಚ್ಚೇ ಗಿಡಗಳಿಗೆ ತೀರ್ಥ.

ಮೂರನೆಯದು ಎಲ್ಲಕ್ಕಿಂತ ಕಠಿಣವಾದುದು. ಮೇ ತಿಂಗಳು ಬಂತೆಂದರೆ ಮಕ್ಕಳ ರಜೆಗೆ ನಾವು ಮನೆಗೆ ಬೀಗ ಹಾಕಿ ಊರಿಗೆ ಹೊರಡುತ್ತೇವೆ. ಅಲ್ಲಿ ದೈವದ ಕೋಲ, ಜಾತ್ರೆ, ಮದುವೆ, ಮುಂಜಿಗಳು. ಇಲ್ಲಿ ಮುಚ್ಚಿದ ಬಾಗಿಲಿನ ಹಿಂದೆ, ಉರಿಬಿಸಿಲಿನಲ್ಲಿ, ತುಳಸಿ. ಕಾಡಿನ ಗಿಡಕ್ಕೆ ಬೇರನ್ನು ಆಳಕ್ಕಿಳಿಸಿ ನೀರನ್ನು ಹುಡುಕುವ ಸ್ವಾತಂತ್ರ್ಯವಿದೆ. ಕುಂಡದ ಗಿಡಕ್ಕೆ ನಮ್ಮ ಕೈಯೊಂದೇ ಗತಿ. ಹನ್ನೊಂದು ತಿಂಗಳು ಪ್ರದಕ್ಷಿಣೆ ಮಾಡಿದ ದೇವತೆಯನ್ನು ಹನ್ನೆರಡನೆಯ ತಿಂಗಳು ಬಾಯಾರಿಸಿ ಕೊಲ್ಲುವುದು ಯಾವ ಭಕ್ತಿ? ಎದುರುಮನೆಯ ಮರಾಠಿ ತಾಯಿಗೋ, ಪಕ್ಕದ ಗುಜರಾತಿ ಬೆಹನ್‌ಗೋ, ಮಲೆಯಾಳಿ ಅಜ್ಜನಿಗೋ ಕುಂಡವನ್ನೊಪ್ಪಿಸಿ ಹೋಗಿರಿ. ಅವರು ಊರಿಗೆ ಹೋದಾಗ ಅವರ ಗಿಡಕ್ಕೆ ನೀವು ನೀರೆರೆಯಿರಿ. ಊರಿಂದ ಮರಳುವಾಗ ಅವರಿಗೊಂದು ಹಲಸಿನ ಹಪ್ಪಳದ ಕಟ್ಟು, ಅವರ ಕೈಯಿಂದ ನಿಮಗೆ ನಳನಳಿಸುವ ತುಳಸಿ. ಪರನಾಡಿನಲ್ಲಿ ನಾವು ಬೇರುಬಿಡುವುದು ಹೀಗೆಯೇ.

ಇನ್ನೊಂದು ಧರ್ಮಸಂಕಟವಿದೆ. ಹಳೆಯ ಕಟ್ಟಡಗಳ ಗೋಡೆಯ ಬಿರುಕಿನಲ್ಲಿ, ನೀರಿನ ಕೊಳವೆಯ ಸಂದಿನಲ್ಲಿ ಹಕ್ಕಿ ಬಿತ್ತಿದ ಅಶ್ವತ್ಥದ ಸಸಿ ಮೊಳೆಯುತ್ತದೆ. ಕಿತ್ತರೆ ದೋಷವೆಂದು ಅಂಜಿ ಬಿಟ್ಟುಬಿಡುತ್ತೇವೆ. ಅದು ಬಲಿತು ಗೋಡೆಯನ್ನು ಸೀಳಿದ ಮೇಲೆ ಕೊಡಲಿಯೇ ಗತಿಯಾಗುತ್ತದೆ. ಎರಡೆಲೆಯ ಪ್ರಾಯದಲ್ಲಿಯೇ ಕೈಮುಗಿದು, ಬೇರು ಸಹಿತ ಬಿಡಿಸಿ, ತೆರೆದ ನೆಲದಲ್ಲಿ ನೆಟ್ಟರೆ ಮನೆಯೂ ಉಳಿಯಿತು, ಅಶ್ವತ್ಥನಾರಾಯಣನೂ ಉಳಿದನು. ಹಾಗೆಯೇ, ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟುವ ಮಾತು ಸೊಸೈಟಿಯ ಸಭೆಯಲ್ಲಿ ಬಂದಾಗ, ಆವರಣದಲ್ಲಿರುವ ಮಾವು ಬೇವುಗಳ ಪರವಾಗಿ ಒಬ್ಬರಾದರೂ ಎದ್ದು ನಿಲ್ಲಬೇಕು. ನಗರದ ಮರವನ್ನು ಅನುಮತಿಯಿಲ್ಲದೆ ಕಡಿಯಬಾರದೆಂದು ಮಹಾರಾಷ್ಟ್ರದಲ್ಲಿ 1975ರಿಂದಲೇ ಕಾಯಿದೆಯಿದೆ. ಆದರೆ ಕಾಯಿದೆಗೆ ಬಾಯಿಲ್ಲ. ಅದು ನಮ್ಮ ಬಾಯಿಂದಲೇ ಮಾತನಾಡಬೇಕು.

ಇವೆಲ್ಲ ಸಣ್ಣ ಕೆಲಸಗಳೆಂದು ತೋರಿದರೆ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಯಿರಿ. ಹಾಲಕ್ಕಿ ಒಕ್ಕಲಿಗರಲ್ಲಿ ಹುಟ್ಟಿ, ಶಾಲೆಯ ಮುಖವನ್ನೇ ಕಾಣದೆ, ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ಕೂಲಿಯಾಗಿ ದುಡಿದ ತಾಯಿ. ಯಾವ ಮರದ ಬೀಜವನ್ನು ಯಾವಾಗ ಆಯಬೇಕು, ಅದನ್ನು ಹೇಗೆ ಮೊಳೆಯಿಸಬೇಕು ಎಂಬುದು ಆಕೆಗೆ ಕರತಲಾಮಲಕವಾಗಿತ್ತು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ತಮ್ಮ ಸಾಂಪ್ರದಾಯಿಕ ಉಡುಗೆಯಲ್ಲಿ, ಬರಿಗಾಲಿನಲ್ಲಿ ನಡೆದುಬಂದು ಪದ್ಮಶ್ರೀಯನ್ನು ಸ್ವೀಕರಿಸಿದರು. 2024ರ ಡಿಸೆಂಬರಿನಲ್ಲಿ ಆ ಜೀವ ಮಣ್ಣನ್ನು ಸೇರಿತು. ಆಕೆ ಮಾಡಿದುದೂ ಸಣ್ಣ ಕೆಲಸವನ್ನೇ. ಆದರೆ ಅದನ್ನು ದಿನವೂ ಮಾಡಿದರು.

ಆದುದರಿಂದ ಬಂಧುಗಳೇ, ಈ ದಸರೆಯಲ್ಲಿ ಘಟದ ಮಣ್ಣನ್ನು ಖಾಡಿಯ ನೀರಿಗೆ ಸುರಿಯದೆ ಕುಂಡಕ್ಕೆ ಸೇರಿಸಿರಿ. ಒಂಬತ್ತು ದಿನಗಳ ನಿರ್ಮಾಲ್ಯವೂ ಅಲ್ಲಿಯೇ ಗೊಬ್ಬರವಾಗಲಿ. ಅದರಲ್ಲಿ ಒಂದು ತುಳಸಿಯನ್ನು ನೆಟ್ಟರೆ, ಮುಂಬರುವ ಉತ್ಥಾನ ದ್ವಾದಶಿಗೆ ನೆಲ್ಲಿಯ ಟೊಂಗೆಯೊಡನೆ ಪೂಜೆಗೊಳ್ಳಲು ಅದು ಸಿದ್ಧವಾಗಿರುತ್ತದೆ. ಮಕ್ಕಳ ಕೈಗೆ ಒಂದು ತಂಬಿಗೆಯನ್ನು ಕೊಡಿರಿ. ಕನ್ನಡದ ಒಂದು ಹೆಸರನ್ನೂ ಕೊಡಿರಿ: ಇದು ನಂದಬಟ್ಟಲು, ಇದು ದೊಡ್ಡಪತ್ರೆ ಎಂದು. ಗಿಡದೊಡನೆ ನುಡಿಯೂ ಚಿಗುರೀತು.

ಬೇಕಾದಷ್ಟನ್ನೇ ಕೊಯ್ಯುವ ವಿವೇಕವನ್ನೂ, ಬಿಡದೆ ನೀರೆರೆಯುವ ಶ್ರದ್ಧೆಯನ್ನೂ ತಾಯಿ ಬನಶಂಕರಿಯು ನಮ್ಮೆಲ್ಲರಿಗೂ ಅನುಗ್ರಹಿಸಲಿ. ಆಕೆಯ ಹಸಿರು ನಮ್ಮ ಮನೆಯ ಹೊಸ್ತಿಲಲ್ಲಿ ಸದಾ ನೆಲಸಲಿ.